ಮರೀಗೌಡನ ಮುಡಿ

ಮೊನ್ನೆ ಸೋಮವಾರ ನನ್ನ ತಂಗಿಯ ಮಗುವಿಗೆ ಮುಡಿ ತೆಗೆಸಿದೆವು. ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಹಾಗಾಗಿ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ, ಊರಿಗೆಲ್ಲ ಕೇಳುವಂತೆ ಅರಚುವ ಆ ಕೂಸನ್ನು ಹಿಡಿದುಕೊಂಡು ಕೂತವನು ನಾನು. ಒಂದು ಅಂಗೈ ಗದ್ದದ ಕೆಳಗೆ, ಇನ್ನೊಂದು ಕತ್ತಿನ ಹಿಂದೆ, ಹೆಬ್ಬೆರಳು ಕಿವಿಯ ಬುಡಕ್ಕೆ. ಮಗು ಕೈಕಾಲು ಬಡಿಯಿತು, ನನ್ನ ಪಂಚೆ ಒದ್ದೆ ಮಾಡಿತು. ತಲೆ ಮಾತ್ರ ಅಲುಗಲಿಲ್ಲ.

ಕ್ಷೌರದವನು ಕತ್ತಿ ತೊಳೆಯುತ್ತ, "ಬಲೇ ಇಡ್ಕಂಡ್ರಿ ಸಾಮಿ. ಒಂದು ಗೀರು ಬೀಳ್ಲಿಲ್ಲ. ಪಳಗಿದ ಕೈ ಇದು," ಅಂದ.

ತಂಗಿ ನಕ್ಕಳು. "ನಮ್ಮಣ್ಣ ಪಲ್ಟನ್ನಲ್ಲಿದ್ದೋನು ಕಣಪ್ಪ. ಕೋಣನ ತಲೆ ಕೊಟ್ರೂ ಹಿಡೀತಾನೆ."

ನಾನು ನಗಲಿಲ್ಲ. ಅಂಗೈಗೆ ಹರಳೆಣ್ಣೆಯ ವಾಸನೆ ಅಂಟಿತ್ತು. ಮನೆಗೆ ಬಂದು ಸೀಗೆಪುಡಿ ಹಾಕಿ ಎರಡು ಸಲ ತೊಳೆದರೂ ಹೋಗಲಿಲ್ಲ. ತಲೆಯನ್ನು ಹಾಗೆ ಹಿಡಿಯುವುದನ್ನು ನಾನು ಕಲಿತದ್ದು ಇಪ್ಪತ್ತೆರಡು ವರ್ಷದ ಹಿಂದೆ, ಒಂದೇ ಒಂದು ಮಧ್ಯಾಹ್ನ. ಹಿಡಿದದ್ದು ನನಗಿಂತ ಒಂದೂವರೆ ಪಟ್ಟು ದೊಡ್ಡ ಗಂಡಸಿನ ತಲೆ. ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟವನೂ ಆ ತಲೆಯ ಒಡೆಯನೇ. ಅದನ್ನು ಹೇಳಿಬಿಡುತ್ತೇನೆ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವ ಜಾಗ ಒಂದೂ ಇಲ್ಲ, ಹುಡುಕಬೇಡಿ.

ಮೊದಲು ನಮ್ಮ ಮನೆಯ ವಿಚಾರ. ಘಟ್ಟಕ್ಕೆ ಇಳಿಯುವ ಬೀದಿಯಲ್ಲಿ ನಮ್ಮದು ಕೊನೆಯ ಮನೆ. ಹರಕೆ ಒಪ್ಪಿಸಲು ಬಂದವರಿಗೆ ಇಳಿದುಕೊಳ್ಳಲು ಜಗಲಿ, ಸ್ನಾನಕ್ಕೆ ಬಿಸಿನೀರು, ಊಟಕ್ಕೆ ಎಲೆ ಕೊಡುವುದು ನಮ್ಮ ತಂದೆಯ ಕಸುಬು. ಬೆಳಗ್ಗೆ ಎದ್ದು ಮೆಟ್ಟಿಲ ಮೇಲಿನ ಕೂದಲು ಗುಡಿಸುವುದು ನನ್ನ ಕೆಲಸ. ಗಂಡಸರದು, ಹೆಂಗಸರದು, ಮಕ್ಕಳದು, ಎಲ್ಲ ಸೇರಿ ಒಂದು ಮಂಕರಿ. ಎಲ್ಲೆಲ್ಲಿಂದಲೋ ನಡೆದು ಬಂದು ಜನ ಕಣ್ಣೀರು ಹಾಕುತ್ತ ಕೊಡುವ ಮುಡಿ ನನ್ನ ಪಾಲಿಗೆ ಪೊರಕೆಗೆ ಸುತ್ತಿಕೊಂಡು ಕಾಡುವ ಕಸ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದ ಮೇಲೆ ನಮ್ಮ ತಂದೆ ಬಯ್ಯಲಿಲ್ಲ. "ಪೊರಕೆ ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ," ಅಂದರು, ಅಷ್ಟೇ. ಮಾರನೆಯ ದಿನ ನಾನು ಮೈಸೂರಿಗೆ ಹೋಗಿ ಪಲ್ಟನ್ನಿಗೆ ಸೇರಿಕೊಂಡೆ. ಯಾವ ಪಲ್ಟನ್ನು ಎಂದು ಕೇಳಬೇಡಿ, ಪಿಂಚಣಿ ಇನ್ನೂ ಬರುತ್ತಿದೆ. ಮೊದಲ ದಿನವೇ ತಲೆಗೂದಲು ಕತ್ತರಿಸಿ, ಕಾಲಿಗೆ ಬೂಟು ಹಾಕಿದರು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಓಡಾಡಿದ ನಲವತ್ತು ಜನ ಆ ದಿನ ಬಿಸಿ ಹೆಂಚಿನ ಮೇಲೆ ಬಿಟ್ಟ ಬೆಕ್ಕುಗಳ ಹಾಗೆ ನಡೆದೆವು. ಬನ್ನೂರಿನ ಕಡೆಯ ಒಬ್ಬ ರೈತ ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಪೆರೇಡಿಗೆ ಬಂದ. ಹವಾಲ್ದಾರ ಕಾರಣ ಕೇಳಿದರೆ, "ಒಸಾದು ಸಾ, ಸವೆದೋಯ್ತದೆ," ಅಂದ. ಅವನೇ ಮರೀಗೌಡ.

ಎರಡನೆಯ ತಿಂಗಳು ನಮ್ಮನ್ನು ನರಸೀಪುರಕ್ಕೆ ನಡೆಸಿಕೊಂಡು ಹೋಗಿ, ಕಪಿಲೆ ಕಾವೇರಿಯನ್ನು ಸೇರುವ ಕಡೆ ಮರಳಿನ ಮೇಲೆ ಡೇರೆ ಹಾಕಿಸಿದರು. ಮರಳಿನಲ್ಲಿ ಓಡಿದರೆ ಕಾಲು ಗಟ್ಟಿಯಾಗುತ್ತದೆ ಎಂಬುದು ಹವಾಲ್ದಾರನ ಸಿದ್ಧಾಂತ. ಬಂದೂಕು ತಲೆಯ ಮೇಲೆತ್ತಿಕೊಂಡು ನೆತ್ತಿ ಸುಡುವ ಹೊತ್ತಿನಲ್ಲಿ ಓಡಬೇಕು. ಒಬ್ಬನ ಅಂಗಿಯ ಗುಂಡಿ ಹೊಳೆಯದಿದ್ದರೆ ನಲವತ್ತು ಜನಕ್ಕೂ ಮಧ್ಯಾಹ್ನದ ಊಟವಿಲ್ಲ. ಯಾರಾದರೂ ಬಿದ್ದರೆ ಅವನ ಬೆನ್ನಿನ ಚೀಲಕ್ಕೆ ಇನ್ನೆರಡು ಸೇರು ಒದ್ದೆ ಮರಳು. ಇದನ್ನೆಲ್ಲ ದೂರು ಎಂದು ಹೇಳುತ್ತಿಲ್ಲ. ಹವಾಲ್ದಾರನ ಶಿಕ್ಷೆ ಮಳೆ ಬಿಸಿಲಿನ ಹಾಗೆ, ಎಲ್ಲರ ಮೇಲೂ ಒಂದೇ ಸಮ ಬೀಳುತ್ತಿತ್ತು.

ಹಳೇ ಸಿಪಾಯಿಗಳ ಆಟ ಬೇರೆ. ಅವರು ಒಬ್ಬೊಬ್ಬನನ್ನೇ ಆರಿಸಿಕೊಳ್ಳುತ್ತಿದ್ದರು. ಅವರ ಮುಂದಾಳು ತಿಮ್ಮಣ್ಣ. ಕೆಂಪು ಮೈಬಣ್ಣ, ಒಳ್ಳೆಯ ಕಂಠ, ಊಟ ಹಂಚಿಕೊಂಡು ತಿನ್ನುವ ಗುಣ. ಇಂಥವನು ಕೆಟ್ಟವನೆಂದು ಹೇಗೆ ಹೇಳಲಿ? ದಂಡಿನ ಬಟ್ಟೆ ಒಗೆಯುವವನ ಹತ್ತಿರ ಒಂದು ಕತ್ತೆ ಇತ್ತು. ತಿಮ್ಮಣ್ಣ ಅದಕ್ಕೆ ಸುಬೇದಾರ್ ಎಂದು ಹೆಸರಿಟ್ಟು, ನನ್ನನ್ನು ಅದರ ಆರ್ಡರ್ಲಿ ಮಾಡಿದ. ದಿನಾ ಬೆಳಗ್ಗೆ ಕತ್ತೆಗೆ ಸಲಾಮು ಹೊಡೆದು, "ಸುಬೇದಾರ್ ಸಾಹೇಬ್ರು ಕ್ಷೇಮವೇ?" ಎಂದು ಕೇಳಿ, ಅದು ತಲೆ ಆಡಿಸುವ ತನಕ ಕೈ ಇಳಿಸದೆ ನಿಂತಿರಬೇಕು. ಕತ್ತೆಗಳು ನೀವು ಅಂದುಕೊಂಡಷ್ಟು ತಲೆ ಆಡಿಸುವುದಿಲ್ಲ. ನಲವತ್ತು ದಿನ ನಾನು ಆ ಕೆಲಸ ಮಾಡಿದೆ.

ಮರೀಗೌಡನಿಗೆ ಅಂಥ ಕಾಟ ಇರಲಿಲ್ಲ. ಅಷ್ಟು ದೊಡ್ಡ ಆಳನ್ನು ಕೆಣಕುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಅವನು ನನ್ನ ಪಕ್ಕದ ಚಾಪೆಯವನು. ನಂಜನಗೂಡಿನವನೆಂದು ನನ್ನನ್ನು "ಅಯ್ನೋರೆ" ಎಂದೇ ಕರೆಯುತ್ತಿದ್ದ. ನೀವು, ತಾವು ಬಿಟ್ಟು ಮಾತಿಲ್ಲ. ಒಂದು ಸಂಜೆ ರುಮಾಲು ಬಿಚ್ಚಿದ. ಒಳಗೆ ಸುತ್ತಿಟ್ಟ ಕೂದಲು, ಬೆನ್ನಿನ ತನಕ. ಹರಳೆಣ್ಣೆ ಹಚ್ಚುತ್ತ ಹೇಳಿದ:

"ನಿಮ್ಮೂರ ಸಾಮಿಗೆ ಬುಟ್ಟಿರಾದು ಅಯ್ನೋರೆ. ಎರಡು ಕೂಸು ಸತ್ತೋದೋ. ಮೂರ್ನೇದು ಎಣ್ಣು, ಈಗ ಐದು ತಿಂಗ್ಳು. ವರ್ಸ ತುಂಬಿದ ದಿನ ಅವಳ ಮುಡಿ, ನನ್ ಮುಡಿ ಎರಡೂ ಕೊಡ್ತೀನಿ ಅಂತ ಅರಕೆ. ಜಮಾದಾರ್ ಸಾಯೇಬ್ರು ಇರ್ಲಿ ಬುಡು ಅಂದವ್ರೆ. ನೀವು ಯಾರ್ಗೂ ಏಳ್ಬೇಡಿ, ನಗ್ತಾರೆ."

"ನಾನ್ಯಾಕೆ ಹೇಳಲಿ," ಅಂದೆ.

ನಾಲ್ಕನೆಯ ದಿನ ಹೇಳಿದೆ. ಹೊಡೆತ ತಡೆಯಲಾರದೆ ಹೇಳಿದೆ ಎನ್ನುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದದ್ದು ಇಷ್ಟೇ: ಭಾನುವಾರ ಬೆಳಗ್ಗೆ ಕತ್ತೆ ತಲೆಯನ್ನೇ ಆಡಿಸಲಿಲ್ಲ. ಬಿಸಿಲೇರಿತು, ತೋಳು ಸೋತಿತು. ತಿಮ್ಮಣ್ಣ ಬೀಡಿ ಹಚ್ಚಿಕೊಂಡು, "ಬೇಜಾರು ಕಣ್ಲಾ. ನಗೋ ಅಂಥದ್ದು ಏನಾರ ಏಳು, ಇವತ್ತಿಂದ ಕತ್ತೆ ಕೆಲ್ಸ ರದ್ದು," ಅಂದ. ನನ್ನ ಹತ್ತಿರ ಇದ್ದದ್ದು ಅದೊಂದೇ. ಕೂದಲು ತಾನೇ, ದಿನಾ ಗುಡಿಸಿದವನು ನಾನು ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಡೇರೆಗಳ ಹಿಂದೆ ಬಕೆಟ್ಟು ಬೋರಲು ಹಾಕಿದರು. ಮರೀಗೌಡನನ್ನು ಕರೆದು ಕೂರಿಸಿದರು. ಒಬ್ಬ ತಟ್ಟೆಯನ್ನು ಜಾಗಟೆ ಮಾಡಿಕೊಂಡ. ಇನ್ನೊಬ್ಬ ಕುದುರೆಯ ಜೂಲು ಕತ್ತರಿಸುವ ಕತ್ತರಿ ತಂದ. ಮರೀಗೌಡ ಎದ್ದು ನಿಂತಿದ್ದರೆ ಆರು ಜನ ಬೀಳುತ್ತಿದ್ದರು. ಆದರೆ ಹಳಬನ ಮೇಲೆ ಕೈ ಮಾಡಿದ ರಂಗರೂಟನನ್ನು, ಅಂದರೆ ಹೊಸದಾಗಿ ಸೇರಿದವನನ್ನು, ಮಾರನೆಯ ದಿನವೇ ಮನೆಗೆ ಅಟ್ಟುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಬನ್ನಿ ಅಯ್ನೋರೆ," ತಿಮ್ಮಣ್ಣ ನನ್ನನ್ನು ಕರೆದ. "ಸಾಮಿ ಊರೋರು ನೀವೇ ತಲೆ ಇಡ್ಕಬೇಕು. ಶಾಸ್ತ್ರ ತಪ್ಪಬಾರದು."

ಹಿಡಿದೆ. ಎರಡೂ ಕಿವಿಯ ಮೇಲೆ ಅಂಗೈ ಒತ್ತಿದ್ದೆ. ಆಗ ಮರೀಗೌಡ ತಲೆ ಎತ್ತದೆ ಮೆಲ್ಲಗೆ ಹೇಳಿದ: "ಅಂಗಲ್ಲ. ಗದ್ದದ ಕೆಳಿಕೆ ಒಂದು ಕೈ ಕೊಡಿ. ಇನ್ನೊಂದು ಇಂದೆ. ಬಿಗಿಯಾಗಿ ಇಡ್ಕಳಿ ಅಯ್ನೋರೆ. ಕತ್ರಿ ತಾಗಿ ರಗುತ ಬಂದ್ರೆ ಅರಕೆ ಕೆಡ್ತದೆ."

ಬಿಗಿಯಾಗಿ ಹಿಡಿದೆ. ಜಾಗಟೆ ಬಾರಿಸಿದರು, ಹರಹರ ಎಂದರು. ಒಂದು ಗೀರೂ ಬೀಳಲಿಲ್ಲ. ಆ ದಾರಿಯಲ್ಲೇ ಬಂದ ಹವಾಲ್ದಾರ ಒಂದು ಗಳಿಗೆ ನಿಂತು ನೋಡಿ, "ಈಗ ಸಿಪಾಯಿ ಥರ ಕಾಣ್ತೀಯ," ಎಂದು ಹೇಳಿ ಹೋದ.

ಅಂದು ಹೊತ್ತು ಮುಳುಗುವ ತನಕ ಮರೀಗೌಡ ಮಂಡಿಯೂರಿ ಮರಳಿನಲ್ಲಿ ಬೆರಳಾಡಿಸುತ್ತ ಒಂದೊಂದೇ ಎಳೆ ಹೆಕ್ಕಿದ. ನಾನು ದೂರದಲ್ಲಿ ಗುಂಡಿ ತಿಕ್ಕುತ್ತ ಕೂತಿದ್ದೆ. ಕೊನೆಗೆ ಸುಮ್ಮನಿರಲಾರದೆ, "ಎದುರಿಗೆ ಹರೀತಿರೋದು ಅದೇ ಕಪಿಲೆ ಗೌಡರೇ. ಇಲ್ಲೇ ಬಿಟ್ಟರಾಯಿತು," ಅಂದೆ.

ಅವನು ಇನ್ನೊಂದು ಎಳೆ ಹೆಕ್ಕಿ ಬಟ್ಟೆಗೆ ಹಾಕಿದ. "ಇದು ಅಲ್ಲಿಂದ ಬತ್ತದೆ ಅಯ್ನೋರೆ. ಅಲ್ಲಿಗೆ ಓಗಲ್ವಲ್ಲ."

ಆ ವಾರವೇ ದೊಡ್ಡ ಸಾಹೇಬರಿಗೆ ನಂಜನಗೂಡಿನ ರಸಬಾಳೆ ತಿನ್ನುವ ಆಸೆಯಾಯಿತು. ಊರಿನವನೆಂದು ನನ್ನನ್ನೇ ಗಾಡಿಯಲ್ಲಿ ಕಳಿಸಿದರು. ಹೊರಡುವಾಗ ಮರೀಗೌಡ ಚೌಕಳಿ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟ. "ರಂಗರೂಟ್ಗೆ ರಜಾ ಕೊಡಲ್ವಂತೆ. ಇದನ್ನ ನೀವೇ ಗಂಟು ಬಿಚ್ಚಿ ನೀರಿಗೆ ಬುಟ್ಬುಡಿ. ಬಿಚ್ಚೇ ಬುಡ್ಬೇಕು." ನನ್ನ ಮೇಲೆ ಅವನಿಗೆ ಇನ್ನೂ ನಂಬಿಕೆ ಇತ್ತೋ, ಬೇರೆ ಯಾರೂ ಇರಲಿಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಘಟ್ಟ ನಮ್ಮ ಮನೆಯಿಂದ ನಲವತ್ತು ಹೆಜ್ಜೆ. ಅಮ್ಮ ಒಬ್ಬಟ್ಟು ಮಾಡಿದ್ದಳು. ತಿಂದೆ, ಮಲಗಿದೆ, ಗೆಳೆಯರಿಗೆ ಬೂಟು ತೋರಿಸಿದೆ, ಬಾಳೆಗೊನೆ ಹೇರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಗಂಟಿನ ನೆನಪಾಯಿತು. ಅದು ಮನೆಯಲ್ಲಿ, ನನ್ನ ತಗಡಿನ ಪೆಟ್ಟಿಗೆಯಲ್ಲಿತ್ತು.

"ಬಿಚ್ಚಿ ಬುಟ್ರಾ?" ಎಂದು ಮರೀಗೌಡ ಕೇಳಿದ.

"ಬಿಚ್ಚಿ ಬಿಟ್ಟೆ."

"ಒಳಗೆ?"

"ಒಳಗೇನು, ಕೂದಲು. ತೇಲಿಕೊಂಡು ಹೋಯಿತು."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ, "ಆಯ್ತು ಬುಡ್ಲಾ," ಅಂದ.

ಅಂದಿನಿಂದ ನಾನು ಅವನಿಗೆ ಅಯ್ನೋರಲ್ಲ. ಏನ್ಲಾ, ಬಾರ್ಲಾ, ಉಣ್ಲಾ. ಅವನು ಪಲ್ಟನ್ನಿನಿಂದ ಹೆಸರು ತೆಗೆಸಿಕೊಂಡು ಊರಿಗೆ ಹೋಗುವ ತನಕ ನಾಲ್ಕು ವರ್ಷವೂ ಹಾಗೇ. ಕಷ್ಟದಲ್ಲಿ ಜೊತೆಗಿದ್ದವರಿಗೆ ಇಂಥ ಸಲಿಗೆ ಬರುತ್ತದೆ, ಇದೇ ಸ್ನೇಹ ಎಂದುಕೊಂಡು ನಾನು ಹಿಗ್ಗಿದ್ದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ. ಇನ್ನೂ ಒಂದು ಹೇಳಿಬಿಡುತ್ತೇನೆ. ಮರುವರ್ಷ ಹೊಸ ರಂಗರೂಟುಗಳು ಬಂದಾಗ ಬಕೆಟ್ಟು ಬೋರಲು ಹಾಕಿದವನು ತಿಮ್ಮಣ್ಣ, ತಟ್ಟೆ ಬಾರಿಸಿದವನು ನಾನು. ತಾಳ ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳಿದರು. ಮರೀಗೌಡ ಆ ಕಡೆ ಬರಲಿಲ್ಲ.

ಗಂಟು ಪೆಟ್ಟಿಗೆಯಲ್ಲೇ ಉಳಿಯಿತು. ಪ್ರತಿ ರಜೆಯಲ್ಲೂ ಕಾಣುತ್ತಿತ್ತು. ಬಿಟ್ಟೆನೆಂದು ಹೇಳಿಯಾಗಿದೆ, ಈಗ ಬಿಟ್ಟರೆ ಹೇಳಿದ್ದು ಸುಳ್ಳೆಂದು ನಾನೇ ಒಪ್ಪಿಕೊಂಡಂತೆ. ಎಂಥ ತರ್ಕ ನೋಡಿ. ಪೆಟ್ಟಿಗೆ ಅಟ್ಟ ಸೇರಿತು.

ಮೊನ್ನೆ ಮುಡಿಯ ಊಟ ಮುಗಿದು ನೆಂಟರು ಹೊರಟ ಮೇಲೆ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದೆ. ಗಂಟು ಕಲ್ಲಾಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ಕೂದಲಿನ ನಡುವೆ ಒಂದು ತಾಮ್ರದ ಕಡಗ. ನನ್ನ ಎರಡು ಬೆರಳು ತೂರುವಷ್ಟು, ಐದು ತಿಂಗಳ ಕೂಸಿನ ಕಾಲಿಗೆ ಆಗುವಷ್ಟು. ಪಾಚಿ ಬಣ್ಣಕ್ಕೆ ತಿರುಗಿತ್ತು. "ಒಳಗೆ?" ಎಂದು ಅವನು ಕೇಳಿದ್ದು ಯಾಕೆಂದು ಆಗ ತಿಳಿಯಿತು. ಆ ಲಾ ಎಂಬುದು ಸ್ನೇಹವಲ್ಲ ಎಂಬುದೂ.

ಬುಧವಾರ ಬಸ್ಸು ಹಿಡಿದು ಬನ್ನೂರಿಗೆ ಹೋದೆ. ವಿಚಾರಿಸಿದರೆ ಆಲೆಮನೆ ತೋರಿಸಿದರು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ಮರೀಗೌಡ ಜಾಲರಿ ಸೌಟಿನಿಂದ ನೊರೆ ತೆಗೆಯುತ್ತಿದ್ದ. ತಲೆ ನೆರೆತಿತ್ತು, ಮೈ ಹಾಗೇ ಇತ್ತು.

"ಏನ್ಲಾ," ಅಂದ, ನಿನ್ನೆ ಕಂಡವನ ಹಾಗೆ. "ದಾರಿ ಗೊತ್ತಾಯ್ತಾ?"

ಗಂಟು ಬಿಚ್ಚಿ ಅವನ ಮುಂದಿಟ್ಟೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ಗೊತ್ತಿತ್ತಾ ನಿನಗೆ?" ಎಂದು ಮಾತ್ರ ಕೇಳಿದೆ.

"ಕಡಗದ ಮಾತೇ ಆಡ್ಲಿಲ್ವಲ್ಲ ನೀನು. ಬಿಚ್ಚಿದೋನು ಆಡ್ದೆ ಇರ್ತಾನಾ?"

"ಮತ್ತೆ ಕೇಳಲಿಲ್ಲವಲ್ಲ."

"ಕೇಳ್ಕಂಡು ಏನ್ ಮಾಡ್ಲಿ? ಕೂಸು ಉಳೀತದೋ ಇಲ್ವೋ ಅಂತ ನಿದ್ದೆ ಇರ್ನಿಲ್ಲ ನಂಗೆ. ಮುಡಿ ಇನ್ನೊಂದು ಕಿತ ಬೆಳೆಸ್ದೆ, ಎರಡು ವರ್ಸ. ಜಮಾದಾರ್ ಸಾಯೇಬ್ರೆ ರಜಾ ಕೊಟ್ಟು ಕಳಿಸುದ್ರು. ನಿಮ್ಮನೆ ಮುಂದೇನೇ ನಡ್ಕಂಡು ಓಗಿ ಕೊಟ್ಬಂದೆ."

ಅಷ್ಟರಲ್ಲಿ ಬುತ್ತಿ ಹೊತ್ತು ಇಪ್ಪತ್ತೆರಡರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದಳು. ಕಂಕುಳಲ್ಲಿ ಕೂಸು. "ಯಾರಪ್ಪ ಇವ್ರು?" ಎಂದು ಕೇಳಿದಳು. ಮರೀಗೌಡ, "ದಂಡಿನಲ್ಲಿ ನನ್ ಪಕ್ಕದ ಚಾಪೆಯೋನು," ಅಂದ. ನನ್ನ ಕಣ್ಣು ಕೂಸಿನ ಕಾಲಿನ ಮೇಲಿತ್ತು. ಎಡಗಾಲಿಗೆ ತಾಮ್ರದ ಕಡಗ. ಬಲಗಾಲು ಬರಿದು.

ಪಾಚಿ ಹಿಡಿದ ಕಡಗವನ್ನು ಅವನ ಕಡೆ ಚಾಚಿದೆ. ಮರೀಗೌಡ ಮುಟ್ಟಲಿಲ್ಲ. ನೊರೆ ತೆಗೆಯುವುದನ್ನೂ ನಿಲ್ಲಿಸಲಿಲ್ಲ.

"ನಂಗ್ಯಾಕೆ ಕೊಡ್ತೀಯಾ? ಅದು ಸಾಮಿದು. ನಾನು ನನ್ ಅರಕೆ ತೀರಿಸ್ದೆ. ಇದು ನೀನು ಒಪ್ಕಂಡಿದ್ದು. ಎತ್ಕಂಡೋಗಿ ಬುಟ್ಟು ಬಾ."

ಒಂದು ಅಚ್ಚು ಬಿಸಿ ಬೆಲ್ಲ ಕೊಟ್ಟು ಕಳಿಸಿದ.

ಇವತ್ತು ಬೆಳಗ್ಗೆ ಗುಡಿಗೆ ಹೋಗಿ ಕಡಗವನ್ನು ಹುಂಡಿಗೆ ಹಾಕಿ, ಘಟ್ಟಕ್ಕೆ ಇಳಿದೆ. ಸೋಮವಾರದ ಕ್ಷೌರದವನೇ ಕೂತಿದ್ದ. ನನ್ನ ಕೈಯಲ್ಲಿದ್ದ ಕೂದಲನ್ನು ನೋಡಿ, "ಯಾರ್ ಮುಡಿ ಸಾಮಿ ಅದು? ಆಳೇ ಕಾಣ್ಸಲ್ವಲ್ಲ," ಅಂದ.

"ಬನ್ನೂರಿನಲ್ಲಿದ್ದಾರೆ. ಬಿಟ್ಟು ಬಾ ಎಂದು ನನ್ನನ್ನು ಕಳಿಸಿದರು."

"ಯಾವಾಗ ಕಳಿಸಿದ್ರು?"

ಹೇಳಿದೆ. ಇಪ್ಪತ್ತೆರಡು ವರ್ಷ ಎಂದೇ ಹೇಳಿದೆ. ಅವನು ಕತ್ತಿ ಮಸೆಯುವುದನ್ನು ಬಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಬಯ್ಯುತ್ತಾನೆಂದು ಕಾದೆ. ಅವನು ಕತ್ತಿಯ ತುದಿಯಿಂದ ನದಿಯ ನಡುವನ್ನು ತೋರಿಸಿದ.

"ಇಲ್ಲಿ ಬುಡ್ಬೇಡಿ, ನೀರು ನಿಂತದೆ. ತಿರುಗಿ ಮೆಟ್ಲಿಗೇ ಬತ್ತದೆ. ಇನ್ನೆರಡು ಮೆಟ್ಲು ಇಳೀರಿ, ಅಲ್ಲಿ ಸೆಳವದೆ."

ಇಳಿದೆ. ಸೊಂಟದ ತನಕ ನೀರು ಬಂತು. ಕೂದಲು ಕೈಗೆ ಸುತ್ತಿಕೊಂಡು ಬಿಡಲೊಲ್ಲದು. ಒಂದೊಂದೇ ಎಳೆ ಬಿಡಿಸಬೇಕಾಯಿತು, ಬಹಳ ಹೊತ್ತು ಹಿಡಿಯಿತು. ಎಣ್ಣೆಯ ಪಸೆ ಇನ್ನೂ ಇತ್ತೇನೋ, ಮುಳುಗದೆ ತೇಲಿಕೊಂಡು ಹೋಯಿತು. ಇವತ್ತಲ್ಲದಿದ್ದರೆ ನಾಳೆ ಅದು ನರಸೀಪುರದ ಆ ಮರಳನ್ನು ದಾಟುತ್ತದೆ.