ಆ ಅಕ್ಷರ ಯಾರದು?

ಎರಡು ವರ್ಷದ ಹಿಂದಿನ ಮಾತು. ನಾನಾಗ ಎಂ.ಕಾಂ ಕೊನೆಯ ವರ್ಷದಲ್ಲಿದ್ದೆ. ವಿಶ್ವವಿದ್ಯಾಲಯದ ಕಚೇರಿ ಸಿಬ್ಬಂದಿಗೆ ಕೆಲಸದಲ್ಲಿ ತೃಪ್ತಿ ಇದೆಯೇ, ಇಲ್ಲದಿದ್ದರೆ ಯಾಕಿಲ್ಲ ಎಂಬುದೇ ನನ್ನ ಪ್ರಾಜೆಕ್ಟ್. ನಮ್ಮೂರು ಸಗರದಿಂದ ಶಹಾಪುರ, ಅಲ್ಲಿಂದ ಯಾದಗಿರಿ ಬಸ್ಸು ಹಿಡಿದು ಅಂಥ ಒಂದು ಕಚೇರಿಗೆ ಹೋಗುತ್ತಿದ್ದೆ. ಅದರ ಹೆಸರು ಬೇಡ.

ಪ್ರಶ್ನೆಗಳ ಹಾಳೆ ಹಂಚುವಾಗ ಎಲ್ಲರಿಗೂ ಹೇಳಿದ್ದೆ, "ಹೆಸರು ಬರೀಬ್ಯಾಡ್ರಿ. ಯಾರು ಬರದಾರಂತ ನಾ ಯಾರಿಗೂ ಹೇಳಂಗಿಲ್ಲ."

ಬಹಳ ಜನ ಬರೆದದ್ದು ಸಂಬಳ, ಬಡ್ತಿ, ವರ್ಗಾವಣೆಯ ಬಗ್ಗೆ. ನಾನು ಅಂದುಕೊಂಡಿದ್ದೂ ಅದನ್ನೇ. ಒಂದು ಹಾಳೆಯಲ್ಲಿ ಮಾತ್ರ ಎಲ್ಲದಕ್ಕೂ 'ತೃಪ್ತಿ ಇದೆ' ಎಂದು ಗುರುತು ಹಾಕಿ, ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಸಾಹೇಬರು ಹೆಸರು ಬಿಟ್ಟು ಏ ಅಂತ ಕರೀತಾರೆ. ಅದೊಂದು ಬಿಟ್ಟರೆ ಎಲ್ಲ ಚಲೋ ಇದೆ.' ಅದನ್ನು ಕೊಟ್ಟವರು ಫೈಲು ಹೊತ್ತು ತಿರುಗುವ ಅಟೆಂಡರ್ ನಿಂಗಮ್ಮ.

ಕೊನೆಯ ದಿನ, ಅಲ್ಲಿ ಸಮೀಕ್ಷೆ ಮಾಡಿದ್ದೇನೆಂಬ ಪತ್ರಕ್ಕೆ ನನಗೆ ಕಚೇರಿಯ ಮುಖ್ಯಸ್ಥರಾದ ಆ ಸಾಹೇಬರ ಸಹಿ ಬೇಕಿತ್ತು. ಅದಿಲ್ಲದೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಒಪ್ಪುತ್ತಿರಲಿಲ್ಲ. ನಾನು ಬೇಡವೆನ್ನುವಷ್ಟರಲ್ಲಿ ಅವರು ನನ್ನ ಕೈಲಿದ್ದ ಹಾಳೆಗಳ ಕಟ್ಟು ಎಳೆದುಕೊಂಡು ಒಂದೊಂದೇ ಹಾಳೆ ಮಗುಚಿದರು. ಆ ದುಂಡನೆಯ ಅಕ್ಷರದ ಹಾಳೆಯ ಹತ್ತಿರ ಕೈ ನಿಂತಿತು.

"ಈ ಅಕ್ಷರ ಯಾರದು? ನಮ್ಮ ಕ್ಲರ್ಕ್‌ಗಳದ್ದಂತೂ ಅಲ್ಲ."

"ಗೊತ್ತಿಲ್ರಿ ಸರ್."

"ನಿನಗ ಗೊತ್ತದ. ಹೇಳು, ಸಹಿ ಮಾಡ್ತೀನಿ."

ನಾನು ಸಹಿ ಬೀಳದ ಪತ್ರವನ್ನೇ ನೋಡುತ್ತ ನಿಂತೆ. ಅಷ್ಟರಲ್ಲಿ ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ನಿಂಗಮ್ಮ ಒಳಗೆ ಬಂದರು.

"ಅದು ನಂದ್ರಿ ಸರ್."

ಸಾಹೇಬರು ಅವರನ್ನೇ ನೋಡಿದರು. "ನಿನಗ ಬರೀಲಿಕ್ಕೆ ಬರ್ತದೇನು?"

"ಹತ್ತನೇ ಕ್ಲಾಸ್ ಪಾಸಾಗೇನ್ರಿ. ಇಷ್ಟು ವರ್ಷದಾಗ ಯಾರೂ ಕೇಳಿಲ್ಲ."

ಸಾಹೇಬರು ಆ ಹಾಳೆಯನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದರು. ಆಮೇಲೆ ನನ್ನ ಪತ್ರಕ್ಕೆ ಸಹಿ ಹಾಕಿದರು. ತಪ್ಪಾಯಿತು ಎಂದೇನೂ ಅನ್ನಲಿಲ್ಲ. ಆದರೆ ಮೇಜಿನ ಮೇಲಿದ್ದ ಫೈಲು ಮುಂದೆ ಸರಿಸಿ, ತಲೆ ಎತ್ತದೆ, "ನಿಂಗಮ್ಮ, ಇದನ್ನ ಒಯ್ರಿ" ಎಂದರು.

ಹೊರಗೆ ಬಂದ ಮೇಲೆ ಕೇಳಿದೆ, "ಅಂಜಿಕಿ ಆಗ್ಲಿಲ್ಲೇನ್ರಿ?"

"ಆತು. ಆದ್ರ ನೀ ಅಳೂ ಹಂಗ ನಿಂತಿದ್ದಿ. ಮತ್ತೇನ್ ಮಾಡ್ಲಿ?"

ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಅವರು ಆ ಹೊತ್ತಿಗೆ ಒಳಗೆ ಬರದಿದ್ದರೆ ನಾನು ಅವರ ಹೆಸರು ಹೇಳಿಬಿಡುತ್ತಿದ್ದೆನೇ? ಇಲ್ಲವೆಂದು ಎದೆ ತಟ್ಟಿ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ.