ಹೆಣ ಮಾತಾಡಬಾರದು

ನಾನು ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಾಸ ಶಹಾಬಾದದ ಒಂದು ಓಣಿಯಲ್ಲಿ. ಅದೇ ಓಣಿಯ ಕೊನೆಯ ಮನೆ ನನ್ನ ಅಣ್ಣನದು. ಆರು ವರ್ಷ ನಾವು ಮಾತಾಡಿರಲಿಲ್ಲ. ಅವ್ವನ ಮಣ್ಣಿಗೆ ನಾನು ಬರುವ ತನಕ ಅವನು ಕಾಯಲಿಲ್ಲ. ನಾನು ಚಿಂಚೋಳಿಯಲ್ಲಿ ಪರೀಕ್ಷೆಯ ಕೆಲಸದ ಮೇಲಿದ್ದೆ, ಬಸ್ಸು ತಡವಾಯಿತು, ಬಂದಾಗ ಗುಂಡಿ ಮುಚ್ಚಿದ್ದರು. ಕೇಳಿದವರಿಗೆಲ್ಲ ಹೀಗೇ ಹೇಳುತ್ತಿದ್ದೆ. ಕೇಳದವರಿಗೂ ಹೇಳಿದ್ದೇನೆ.

ಹೋದ ವರ್ಷ ಹೋಳಿಯ ಹಿಂದಿನ ವಾರ ತರಗತಿಯಲ್ಲಿ ಯುರೋಪಿನ ಕಾರ್ನಿವಲ್ ಪಾಠವಿತ್ತು. ನಾಲ್ಕೈದು ನೂರು ವರ್ಷದ ಹಿಂದೆ ಅಲ್ಲಿನ ಜನ ದೊಡ್ಡ ಉಪವಾಸಕ್ಕೆ ಮುಂಚೆ ಹೊಟ್ಟೆ ಬಿರಿಯ ತಿಂದು, ವೇಷ ಕಟ್ಟಿ, ದೊಡ್ಡವರನ್ನು ಬೈದು, ಹುಲ್ಲಿನ ಮನುಷ್ಯನನ್ನು ಮಾಡಿ, ಅವನ ತಪ್ಪುಗಳನ್ನು ಓದಿ ಹೇಳಿ, ಅತ್ತು ಸುಡುತ್ತಿದ್ದರು. ವರ್ಷವಿಡೀ ಆಡಲಾಗದ ಮಾತಿಗೆ ಆ ದಿನ ಪರವಾನಗಿ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. “ಸರ್, ಇದು ಹುಬೇಹೂಬ್ ನಮ್ಮ ಓಣ್ಯಾಗ ಮಾಡಿದಂಗೇ ಅದರಿ.” ಪಾಠ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಅವರೇ ನನಗೆ ಹೇಳಿದರು.

ನಾನಿರುವ ಓಣಿಯಲ್ಲಿ ಮಾತ್ರ ಹುಲ್ಲಿನ ಮನುಷ್ಯನಿಲ್ಲ. ಬಣ್ಣದ ದಿನ ಜೀವಂತ ಮನುಷ್ಯನನ್ನೇ ಚಟ್ಟದ ಮೇಲೆ ಮಲಗಿಸಿ ಹಲಗೆ ಬಾರಿಸುತ್ತ ಒಯ್ಯುತ್ತಾರೆ. ಪ್ರತಿ ಬಾಗಿಲಲ್ಲೂ ಚಟ್ಟ ನಿಲ್ಲುತ್ತದೆ. ಆ ಮನೆಯವರೊಬ್ಬರು ಹೊರಗೆ ಬಂದು, ಸತ್ತವನ ಒಂದು ತಪ್ಪು ಹೇಳಿ ಅಳಬೇಕು. ಅತ್ತರೆ ಮಾತ್ರ ಚಟ್ಟ ಮುಂದಕ್ಕೆ, ಕೊನೆಯ ಮನೆ ದಾಟಿ ಹೋಳಿ ಸುಟ್ಟ ಬಯಲಿನ ತನಕ. ಹೆಣ ನಗಬಾರದು, ಮಾತಾಡಬಾರದು. ಮಾತಾಡಿದರೆ ಓಣಿಗೆಲ್ಲ ಮಿರ್ಚಿ ಭಜಿ ತಿನ್ನಿಸಬೇಕು.

ಪ್ರತಿ ವರ್ಷ ಹೆಣವಾಗುತ್ತಿದ್ದವನು ಫರಸಿ ಕಲ್ಲು ಪಾಲಿಶ್ ಮಾಡುವ ಒಬ್ಬ ಹಿರಿಯ. ಆ ಸಲ ಅವನ ಕೆಮ್ಮು ನಿಲ್ಲುತ್ತಿರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ದುಡಿದು ನಿವೃತ್ತರಾದ ಓಣಿಯ ಯಜಮಾನರು ನನ್ನ ಮನೆಗೆ ಬಂದರು.

“ಮಾಸ್ತರ್ರ, ಕೆಮ್ಮೋ ಹೆಣಕ್ಕ ಯಾರ ಅಳ್ತಾರ್ರಿ? ನೀವು ಬರ್ರಿ. ನೀವು ಹೆಂಗೂ ಯಾರ ಕೂಡಾನೂ ಭಾಳ ಮಾತಾಡಂಗಿಲ್ಲ.”

ಪುಸ್ತಕದಲ್ಲಿ ಓದಿದ್ದನ್ನು ಮೈಮೇಲೆ ಹಾಕಿಕೊಂಡು ನೋಡುವ ಚಪಲಕ್ಕೆ ಒಪ್ಪಿದೆ. ಹಬ್ಬದ ದಿನ ಇದೆಂಥ ಅಪಶಕುನ ಎಂದು ಹೆಂಡತಿ ಬಾಗಿಲು ಹಾಕಿಕೊಂಡಳು. ಚಟ್ಟ ಕೊನೆಯ ಬಾಗಿಲಲ್ಲೂ ನಿಲ್ಲುತ್ತದೆ ಎಂಬುದು ಮಲಗಿದ ಮೇಲೆ ಹೊಳೆಯಿತು. ಆಗ ನಾಲ್ವರು ನನ್ನನ್ನು ಎತ್ತಿಯಾಗಿತ್ತು.

ಮೊದಲ ಮನೆಯ ಅಕ್ಕ ಎದೆ ಬಡಿದುಕೊಂಡಳು. “ನಳಾ ಬಂದ ಕೂಡ್ಲೇ ಮೋಟಾರ್ ಹಚ್ಚಿ ಓಣಿ ನೀರೆಲ್ಲಾ ಎಳಕೊಂತಿದ್ದ ಪುಣ್ಯಾತ್ಮಾ, ಹೋದ್ಯಾ!” ಎರಡನೆಯ ಮನೆಯ ದರ್ಜಿ ಚಾಚಾ ಗಂಟಲು ಸರಿಮಾಡಿಕೊಂಡು ಅತ್ತರು. “ಮಾಸ್ತರ್ ಸಾಬ್, ಪ್ಯಾಂಟ್ ಬಿಗಿ ಅದ ಅಂತ ನನಗೇ ಬೈದ್ರಿ. ಹೊಟ್ಟಿ ಬಂದದ ಅಂತ ಒಮ್ಮಿನೂ ಒಪ್ಪಲಿಲ್ರಿ!” ಎರಡೂ ಸುಳ್ಳಲ್ಲ. ನಾನು ನಗಲಿಲ್ಲ.

ಕೊನೆಯ ಮನೆಯ ಮುಂದೆ ಹಲಗೆ ನಿಂತಿತು. “ಮನಿಯವ್ರು ಬರ್ರಿ” ಎಂದು ಯಜಮಾನರು ಕೂಗಿದರು. ಯಾರೂ ಬರಲಿಲ್ಲ. ಮತ್ತೆ ಕೂಗಿದರು. ಬಿಸಿಲು ರೆಪ್ಪೆಯ ಮೇಲೆ ಉರಿಯುತ್ತಿತ್ತು. ಅಣ್ಣ ಬಾರದಿದ್ದರೆ ಸಾಕು ಎನಿಸಿತು. ಬಾರದಿದ್ದರೆ ಇನ್ನೆಂದೂ ಬರುವುದಿಲ್ಲ ಎಂದೂ ಅನಿಸಿ ಹೆದರಿಕೆಯಾಯಿತು.

ಚಿಲಕದ ಸದ್ದಾಯಿತು. ಅಣ್ಣ ಪದ್ಧತಿಯಂತೆ ದೊಡ್ಡ ದನಿಯಲ್ಲೇ ಶುರು ಮಾಡಿದ. “ಅಯ್ಯೋ ತಮ್ಮಾ, ಅವ್ವನ ಮಣ್ಣಿಗಿ ಒಂದ್ ತಾಸು ತಡಾ ಮಾಡಿ ಬಂದ್ಯಲ್ಲೋ!” ಜನ ನಕ್ಕರು. ಆಮೇಲೆ ಅವನ ದನಿ ಇಳಿಯಿತು. “ಆ ಒಂದ್ ತಾಸು ನಾ ಕಾಯಬೇಕಿತ್ತು. ಸಿಟ್ಟಿಗಿ ಕಾಯಲಿಲ್ಲ. ಅವ್ವನ ಮುಖಾ ನಿನಗ ತೋರಿಸಲಿಲ್ಲ.”

ಅವನು ಹೇಳಬೇಕಾದದ್ದು ನನ್ನ ತಪ್ಪು, ಹೇಳಿದ್ದು ತನ್ನದು. ಆರು ವರ್ಷದಿಂದ ನಾನು ಕಾಯುತ್ತಿದ್ದದ್ದು ಇದನ್ನೇ. ಕೇಳಿದ ಮೇಲೆ ನಾಚಿಕೆಯಾಯಿತು. ಕಣ್ಣು ತೆರೆದೆ.

“ಅಣ್ಣಾ, ಬಸ್ಸು ತಡಾ ಆಗಿದ್ದಿಲ್ಲ. ನಿನ್ನ ಫೋನ್ ಮುಂಜಾನಿನೇ ಬಂದಿತ್ತು. ನಾ ಪರೀಕ್ಷಿ ಮುಗಿಸ್ಕೊಂಡೇ ಹೊಂಟೆ.”

“ಹೆಣ ಮಾತಾಡ್ತು! ಭಜಿ!” ಎಂದು ಓಣಿಯೆಲ್ಲ ಕೂಗಿತು.

“ಗೊತ್ತದ” ಎಂದ ಅಣ್ಣ. “ಆವತ್ತೇ ಗೊತ್ತಿತ್ತು. ಸುಮ್ನ ಮಲ್ಕೋ, ಇನ್ನಾ ಮುಂದ ಹೋಗೂದದ.”

ಮುಂದೆ ಚಟ್ಟ ಹೊತ್ತವನೊಬ್ಬನನ್ನು ಸರಿಸಿ ತಾನೇ ಹೆಗಲು ಕೊಟ್ಟ. ಅಣ್ಣ ಕುಳ್ಳ, ಚಟ್ಟ ಅವನ ಕಡೆಗೆ ವಾಲಿತು. ಜಾರದಿರಲೆಂದು ಬಿದಿರು ಹಿಡಿಯಹೋದೆ, ಅವನ ಕೈ ಸಿಕ್ಕಿತು. ಹೆಣ ಕೈ ಆಡಿಸಬಾರದು ಎಂದು ಯಾರೋ ಕೂಗಿದರು. ನಾನು ಬಿಡಲಿಲ್ಲ.