ಅಕ್ಕನಿಗೆ ಕರೆಂಟು ಕೊಡಿಸಿದ್ದು

ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕಿಟಕಿಯ ಗಾಳಿ ಬಾಣಂತಿಯ ಕಿವಿಗೆ ಹೊಕ್ಕು, ಇರುವ ಸನ್ನಿಯ ಮೇಲೆ ಇನ್ನೊಂದು ಸನ್ನಿ ಏರಬಹುದಿತ್ತು. ಹೊಳಲ್ಕೆರೆಯಲ್ಲಿ ಗುರುತಿನವರು ಯಾರಾದರೂ ಹತ್ತಿ "ಎಲ್ಲಿಗ್ ಹೊಂಟ್ರಿ?" ಎಂದು ಕೇಳಬಹುದಿತ್ತು. ಅಕ್ಕ ನಡುದಾರಿಯಲ್ಲಿ ಇಳಿದು ಓಡಬಹುದಿತ್ತು. ದುರ್ಗದಲ್ಲಿ ಡಾಕ್ಟರು ಇಲ್ಲದೇ ಇರಬಹುದಿತ್ತು. ಇದ್ದರೂ, ಅವರು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಬಹುದಿತ್ತು. ಹೋಗುವ ಬದಲು ಜಾಸ್ತಿ ಬಂದರೆ? ನಮ್ಮ ಪಂಪ್‌ಸೆಟ್ಟಿನ ಮೋಟಾರು ಸುಟ್ಟದ್ದು ಹಾಗೆಯೇ. ಅಕ್ಕ ನಮ್ಮನ್ನೆಲ್ಲ ಮರೆತುಬಿಡಬಹುದಿತ್ತು. ಅಥವಾ ಎಲ್ಲವೂ ಸುಸೂತ್ರವಾಗಿ ನಡೆದು, ಅಕ್ಕ ಮಾತ್ರ ಹಾಗೆಯೇ ಉಳಿದುಬಿಡಬಹುದಿತ್ತು. ಇದೊಂದನ್ನು ಯೋಚಿಸಬಾರದೆಂದೇ ನಾನು ಉಳಿದವನ್ನೆಲ್ಲ ಯೋಚಿಸುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ಅಕ್ಕ ಚೊಚ್ಚಲ ಬಾಣಂತನಕ್ಕೆ ತಾಳ್ಯದ ನಮ್ಮ ಮನೆಗೆ ಬಂದಿದ್ದಳು. ಹೆತ್ತ ಕೆಲವೇ ದಿನಗಳಲ್ಲಿ ಮೊದಲು ನಿದ್ದೆ ಬಿಟ್ಟಳು, ಆಮೇಲೆ ಊಟ ಬಿಟ್ಟಳು, ಕೊನೆಗೆ ಮಗುವನ್ನೇ ಬಿಟ್ಟಳು. "ಇದು ನಂದಲ್ಲ. ಯಾರೋ ಬದಲಾಯಿಸ್ಯಾರೆ" ಎಂದು ಗೋಡೆಯ ಕಡೆ ತಿರುಗಿ ಮಲಗುವಳು. ಬಾಣಂತಿ ಸನ್ನಿ ಎಂದರು ಊರವರು. ದುರ್ಗದ ಡಾಕ್ಟರು ಹೆದರಿಸಲಿಲ್ಲ.

"ತಲೆ ಕೊಯ್ಯೋದೇನಿಲ್ಲ. ನಿದ್ದೆಗೊಂದು ಇಂಜೆಕ್ಷನ್, ಎರಡೂ ಕಣತಲೆಗೆ ಒಂದು ಕ್ಷಣ ಕರೆಂಟು. ಹೀಗೆ ಕೆಲವು ಸಲ ಕೊಡಬೇಕು. ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ."

ಭಾವ ಒಪ್ಪಿದರು. ಜೊತೆಗೆ ಹೋಗುವ ಭಾರ ನನ್ನ ಪಾಲಿಗೆ ಬಂತು. ಧೈರ್ಯಸ್ಥನೆಂದಲ್ಲ; ಹೊಸ ಮೇಷ್ಟ್ರಿಗೆ ಬೇಸಿಗೆ ರಜೆ ಇತ್ತು, ಅಷ್ಟೆ. ಅಕ್ಕ ಏನನ್ನೂ ತಿನ್ನದಂತೆ ದಾರಿಯುದ್ದಕ್ಕೂ ಕಣ್ಣಿಟ್ಟು ಕಾದೆ. ಕೂಸನ್ನೆತ್ತಿಕೊಂಡು ಕೂತಿದ್ದ ಅವ್ವನನ್ನು ಕಾಯಬೇಕೆಂದು ಹೊಳೆಯಲಿಲ್ಲ.

ನರ್ಸಮ್ಮ ಅಕ್ಕನ ತಲೆಯ ಬಟ್ಟೆ ಬಿಚ್ಚಿದಳು. ಹರಳೆಣ್ಣೆ ಹಣೆಗಿಳಿದು ಹೊಳೆಯುತ್ತಿತ್ತು.

"ಏನವ್ವಾ ಇದು! ಎಣ್ಣೆ ಇದ್ರೆ ಇಲ್ಲಿ ಕರೆಂಟಿನ ಬಿಲ್ಲೆ ಕುಂದ್ರಲ್ಲ, ಜಾರ್ತೈತೆ."

"ಕರೆಂಟು ಉಷ್ಣ ಕಣವ್ವ," ಎಂದಳು ಅವ್ವ. "ನೆತ್ತಿ ತಂಪಿರ್ಲಿ ಅಂತ ಒಂದು ಬೊಗಸೆ ತಟ್ಟೀನಿ."

"ತೊಳ್ಕಂಡು ಬರ್ರಿ."

"ಬಾಣಂತಿ ತಲೆಗೆ ತಣ್ಣೀರಾ? ನಿನ್ನ ಹಡೆದೋಳಿಗೆ ಹಿಂಗೇ ಮಾಡಿದ್ರೇನು?"

ನರ್ಸಮ್ಮ ನಕ್ಕು, ಸೂಜಿ ಕುದಿಸುವ ಒಲೆಯ ಮೇಲೆ ನೀರಿಟ್ಟಳು. ಹಿತ್ತಿಲಲ್ಲಿ ಸೋಪು ಹಚ್ಚಿ ಅವ್ವ ಉಜ್ಜಿದಳು, ನಾನು ಚೊಂಬಿನಲ್ಲಿ ಸುರಿದೆ. ಒಂದು ನೀರಿಗೆ ಬಿಡುವ ಎಣ್ಣೆಯೇ ಅದು? ಅಕ್ಕ ಕಲ್ಲಿನಂತೆ ಕೂತಿದ್ದಳು. ಆಮೇಲೆ ಒಳಗೆ ಕರೆದೊಯ್ದರು. ಹೊರಗೆ ನಾನು ತಿರುಗುವ ಫ್ಯಾನನ್ನೇ ನೋಡುತ್ತ ನಿಂತೆ. ಅದು ತಿರುಗುವಷ್ಟು ಹೊತ್ತು ಕರೆಂಟು ಇದೆ ಎಂದು ಲೆಕ್ಕ. ಅಂದು ಹೋಗಲಿಲ್ಲ.

ಹೀಗೆ ಮತ್ತೂ ಕೆಲವು ಸಲ ಹೋಗಿ ಬಂದೆವು. ಅಕ್ಕ ಚೂರು ಚೂರು ಮಲಗತೊಡಗಿದಳು. ಆದರೆ ಕೂಸಿನ ಕಡೆ ನೋಡಲಿಲ್ಲ.

ಕೊನೆಯ ಸಲ ಎಚ್ಚರಾಗಿ ಬಹಳ ಹೊತ್ತು ಮಂಕಾಗಿ ಕೂತಿದ್ದಳು. ಅವ್ವ ಬುತ್ತಿ ಬಿಚ್ಚಿ ಮೆಣಸಿನ ಸಾರು ಕಲಸಿದ ಅನ್ನ ಬಾಯಿಗಿಟ್ಟಳು. ಅಕ್ಕ ಥೂ ಎಂದು ಉಗುಳಿದಳು.

"ಬಾಯೆಲ್ಲ ಉರಿತೈತೆ! ಎಷ್ಟು ಮೆಣಸು ಸುರಿದೀಯವ್ವಾ?" ಆಮೇಲೆ ಅವ್ವನ ಮಡಿಲ ಕಡೆ ನೋಡಿ, "ಇದಕ್ಕೇನು ಕೊಟ್ರಿ? ಹೊಟ್ಟೆ ಒಳಗ್ಹೋಗೈತೆ. ಕೊಡಿಲ್ಲಿ ನನ್ನ ಕೂಸ್ನ. ಲೇ, ಏನ್ ನೋಡ್ತೀಯ? ಆ ಕಡೆ ತಿರುಗು!"

ತಿರುಗಿದೆ. ಅವ್ವ ಸೆರಗಿನಲ್ಲಿ ಮೂಗೊರೆಸುವುದು ಕೇಳಿಸಿತು. ನಾನು ಮಾತ್ರ ನೇರ ಡಾಕ್ಟರ ಬಳಿಗೆ ಓಡಿದೆ.

"ಬಾಯಿ ಉರಿ ಅಂತಾಳೆ ಡಾಕ್ಟ್ರೇ. ಒಳಗೇನಾದ್ರೂ ಸುಟ್ಟಿದೆಯಾ?"

ಬಂದು ಟಾರ್ಚು ಬಿಟ್ಟು ನೋಡಿದರು. ಕರೆಂಟು ಕೊಡುವಾಗ ನಾಲಿಗೆ ಕಚ್ಚದಿರಲೆಂದು ಹಲ್ಲಿನ ನಡುವೆ ಇಟ್ಟಿದ್ದ ಬಟ್ಟೆಯುಂಡೆ ಸ್ವಲ್ಪ ಸರಿದಿತ್ತಂತೆ.

"ಹೊಲಿಗೆ ಹಾಕಬೇಕಾ?"

"ಹಾಕೋದಾದ್ರೆ ನಿಮ್ಮ ಬಾಯಿಗೆ ಹಾಕ್ಬೇಕು ಮೇಷ್ಟ್ರೇ."

ಅಕ್ಕನ ನಾಲಿಗೆಯ ಅಂಚಿನಲ್ಲಿ, ಹಲ್ಲು ತಗುಲಿ, ಅಕ್ಕಿಕಾಳಿನಷ್ಟು ಗಾಯವಾಗಿತ್ತು.